ಶರಾವತಿ ಕಣಿವೆಯ ಕಾಲುದಾರಿಗಳು

(ಆಕಾಶವಾಣಿ ಭಾಷಣ)

ಶರಾವತಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ನಿಲ್ಲುವುದು ಜೋಗದ ಜಲಪಾತ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲಾಗಿ ನದಿ ೨೫೩ ಮೀಟರ್ ಆಳಕ್ಕೆ ಧುಮುಕುವುದನ್ನು ಕಂಡವರು ಶರಾವತಿಯನ್ನೇ ಕಂಡುಬಂದೆವೆಂದು ಭಾವಿಸುವುದು ಸಹಜ. ಆದರೆ ತೀರ್ಥಹಳ್ಳಿಯ ಬಳಿಯ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಈ ನದಿಯ ಸುಮಾರು ೧೨೮ ಕಿಲೋಮೀಟರುಗಳ ಬಾಳಿನಲ್ಲಿ ಜೋಗವೆಂಬುದು ಒಂದು ಕ್ಷಣ ಮಾತ್ರ. ನಾನಿಂದು ಮಾತನಾಡಬೇಕೆಂದಿರುವುದು ಜೋಗದ ಕೆಳಗಿನ ಕಣಿವೆಯನ್ನು ಕುರಿತು. ಅದರಲ್ಲಿಯೂ ಆ ಕಣಿವೆಯ ಕಾಡಿನೊಳಗೆ ಕರಾವಳಿಗೂ ಘಟ್ಟದ ಮೇಲಣ ಸೀಮೆಗೂ ಸಂಬಂಧ ಬೆಸೆದಿದ್ದ ಕಾಲುದಾರಿಗಳನ್ನು ಕುರಿತು.

ಹೊನ್ನಾವರದಿಂದ ನದಿಯ ಜೊತೆಯಲ್ಲಿಯೇ ಮೇಲಕ್ಕೆ ಹೊರಟರೆ ಸುಮಾರು ಮೂವತ್ತು ಕಿಲೋಮೀಟರು ದೂರದಲ್ಲಿ ಗೇರುಸೊಪ್ಪೆ ಸಿಗುತ್ತದೆ. ಅದರ ಕೆಳಗೆ ನದಿ ಅಗಲವಾಗಿ, ಆಳವಾಗಿ, ದೋಣಿಗಳಿಗೆ ಅನುಕೂಲವಾಗಿ ಹರಿಯುತ್ತದೆ. ಅದರ ಮೇಲೆ ಬಂಡೆಗಳು, ಕಡಿದಾದ ಗುಡ್ಡಗಳು, ದಟ್ಟವಾದ ಕಾಡು. ದೋಣಿ ಮುಂದೆ ಹೋಗಲಾರದಲ್ಲಿ ಸರಕು ದಡಕ್ಕೆ ಇಳಿಯಬೇಕು. ಅಲ್ಲಿಂದ ಅದು ಮನುಷ್ಯನ ತಲೆಯನ್ನೋ ಹೇರೆತ್ತಿನ ಬೆನ್ನನ್ನೋ ಏರಿ ಘಟ್ಟ ಹತ್ತಬೇಕು. ಮೇಲಿನಿಂದ ಬಂದ ಸರಕಿಗೂ ಇದೇ ನಿಯಮ, ದಿಕ್ಕು ಮಾತ್ರ ಬೇರೆ. ಹಾಗೆ ನೀರಿನ ಹಾದಿಯೂ ನೆಲದ ಹಾದಿಯೂ ಒಂದಕ್ಕೊಂದು ಕೈ ಕೊಟ್ಟ ತಾಣದಲ್ಲಿ ಒಂದು ರಾಜಧಾನಿ ಬೆಳೆದುದು ಆಕಸ್ಮಿಕವಲ್ಲ.

ಆ ಸರಕಿನಲ್ಲಿ ಮುಖ್ಯವಾದುದು ಕಾಳುಮೆಣಸು. ಮೆಣಸಿನ ಬಳ್ಳಿ ನಮ್ಮ ಪಶ್ಚಿಮಘಟ್ಟಗಳ ಮಗಳು. ನೆರಳು, ತೇವ, ಹಬ್ಬಿಕೊಳ್ಳಲು ಒಂದು ಮರ, ಇಷ್ಟೇ ಅದರ ಬೇಡಿಕೆ. ಮಳೆಗಾಲದಲ್ಲಿ ಹೂವಾಗಿ ಕಟ್ಟಿದ ಕಾಳು ಚಳಿಗಾಲದ ಹೊತ್ತಿಗೆ ಬಲಿಯುತ್ತದೆ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದೊಡನೆ ಕೊಯ್ದು ಬಿಸಿಲಿಗೆ ಹರಡಿದರೆ ಅದು ಸುಕ್ಕಾಗಿ ಕಪ್ಪಾಗುತ್ತದೆ. ಇನ್ನೊಂದು ಕಡೆ, ಮುಂಗಾರಿನ ತಿಂಗಳುಗಳಲ್ಲಿ ಪಡುಗಡಲಿನ ಹಾಯಿಹಡಗುಗಳೆಲ್ಲ ಬಂದರಿನಲ್ಲಿಯೇ ಕಟ್ಟಿಹಾಕಿಕೊಂಡಿರಬೇಕಾಗಿತ್ತು. ಮಳೆ ನಿಂತ ಮೇಲೆ ಅವು ಹೊರಡುತ್ತಿದ್ದುವು. ಹೀಗೆ ಕಾಡಿನಲ್ಲಿ ಕಾಳು ಬಲಿಯುವ ಕಾಲ, ಘಟ್ಟದ ದಾರಿಯ ಕೆಸರು ಆರಿ ಇಂಬಳಗಳು ಮರೆಯಾಗುವ ಕಾಲ, ಕಡಲು ಶಾಂತವಾಗುವ ಕಾಲ, ಈ ಮೂರೂ ಒಂದರ ಹಿಂದೊಂದು ಬಂದು ಕೂಡುತ್ತಿದ್ದುವು. ಗೇರುಸೊಪ್ಪೆಯ ಐಶ್ವರ್ಯ ನಿಂತಿದ್ದುದು ಈ ಕೂಟದ ಮೇಲೆ.

ಹದಿನಾರನೆಯ ಶತಮಾನದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಆಕೆಯ ಆಳ್ವಿಕೆ ೧೫೫೨ರಿಂದ ೧೬೦೬ರವರೆಗೆ, ಎಂದರೆ ಅರ್ಧ ಶತಮಾನಕ್ಕೂ ಮಿಕ್ಕು, ನಡೆಯಿತೆಂದು ಇತಿಹಾಸಕಾರರು ಗಣಿಸುತ್ತಾರೆ. ಈ ನಡುವೆ ೧೫೬೯ರಲ್ಲಿ ಪೋರ್ಚುಗೀಸರು ನದಿಯ ಬಾಯಿಯಾದ ಹೊನ್ನಾವರವನ್ನು ಹಿಡಿದರು. ಬಾಯಿ ಅವರದಾದರೂ ಕೊರಳು ರಾಣಿಯದಾಗಿಯೇ ಉಳಿಯಿತು. ಏಕೆಂದರೆ ಮೆಣಸು ಬೆಳೆಯುತ್ತಿದ್ದ ಕಾಡೂ ಅದು ಇಳಿದುಬರುತ್ತಿದ್ದ ದಾರಿಗಳೂ ಆಕೆಯ ಕೈಯಲ್ಲಿದ್ದುವು. ಆಕೆಯ ಹೆಸರಿನೊಡನೆ ಕೂಡಿಬಂದಿರುವ ಕಾನೂರು ಕೋಟೆ ಸಾಗರ ತಾಲ್ಲೂಕಿನ ಕಾಡಿನ ನಡುವೆ ಇಂದಿಗೂ ಹಾಳುಬಿದ್ದಿದೆ. ಇಂಥ ಕಾಡಿನಲ್ಲಿ ಕೋಟೆಯೇಕೆ ಎಂದು ಬೆರಗಾಗುವವರು, ಅದು ಕಾಯುತ್ತಿದ್ದುದು ಕಾಡನ್ನಲ್ಲ, ಕಾಡಿನ ದಾರಿಯನ್ನು ಎಂಬುದನ್ನು ನೆನೆಯಬೇಕು. ಕಡೆಗೆ ಗೇರುಸೊಪ್ಪೆಯನ್ನು ಗೆದ್ದವನು ಕಡಲಿನಿಂದ ಬಂದವನಲ್ಲ; ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪನಾಯಕ.

ಆ ಸೋಲಿನ ಬಳಿಕ ಹೆಚ್ಚು ವರ್ಷ ಕಳೆಯುವ ಮೊದಲೇ, ೧೬೨೩ರಲ್ಲಿ, ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ರೋಮ್ ನಗರದ ಪ್ರವಾಸಿ ಈ ದಾರಿಯಲ್ಲಿ ಬಂದ. ಗೋವೆಯಿಂದ ವೆಂಕಟಪ್ಪನಾಯಕನ ಬಳಿಗೆ ಹೊರಟಿದ್ದ ರಾಯಭಾರದ ಜೊತೆಗೂಡಿ, ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟವೇರಿ ಇಕ್ಕೇರಿಗೆ ಹೋದ. ಅವನು ಬರೆದ ಪತ್ರಗಳಲ್ಲಿ ಈ ನದಿಯ ಚೆಲುವಿಗೆ ಮನಸಾರೆ ಮೆಚ್ಚುಗೆಯಿದೆ. ಒಂದು ಕಾಲಕ್ಕೆ ರಾಣಿಯ ರಾಜಧಾನಿಯಾಗಿದ್ದ ನಗರ ಗಿಡಮರಗಳಿಗೆ ಮನೆಯಾಗಿರುವುದರ ವರ್ಣನೆಯಿದೆ. ಘಟ್ಟವನ್ನು ತನ್ನ ನಾಡಿನ ಅಪೆನೈನ್ ಪರ್ವತಗಳಿಗೆ ಹೋಲಿಸಿದ ಮಾತಿದೆ. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದಿರುವುದು ಇನ್ನೊಂದು ಸಂಗತಿ. ಆ ಪಯಣದ ನಡುವೆ, ಘಟ್ಟದ ಮೇಲಿನ ಒಂದು ಗುಡಿಯ ಜಗಲಿಯಲ್ಲಿ ಕೆಲವರು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಲೆಕ್ಕ ಒಪ್ಪಿಸುತ್ತಿದ್ದುದನ್ನು ಅವನು ಕಂಡ; ಕಂಡು, ಆ ಕಲಿಕೆಯ ಕ್ರಮವನ್ನು ವಿವರವಾಗಿ ಬರೆದಿಟ್ಟ.

ಈ ಚಿತ್ರ ಏಕೆ ಮುಖ್ಯವೆಂದರೆ, ನಾವು ಇಂದು ನಿರ್ಜನವೆಂದು ಕರೆಯುವ ಕಣಿವೆಯ ದಾರಿ ಅಂದು ಮಕ್ಕಳ ದನಿ ಕೇಳುತ್ತಿದ್ದ ಸೀಮೆಗೆ ಸಾಗುವ ದಾರಿಯಾಗಿತ್ತು. ದಾರಿಗೆ ಗುಡಿಯಿತ್ತು, ಗುಡಿಗೆ ಜಗಲಿಯಿತ್ತು, ಜಗಲಿಯಲ್ಲಿ ಮಗ್ಗಿಯ ಪಾಠವಿತ್ತು. ಹೊರೆ ಹೊತ್ತು ಬಂದವನು ಆ ಪಾಠ ಕೇಳುತ್ತ ದಣಿವಾರಿಸಿಕೊಂಡಿರಬಹುದು. ಕಾಲುದಾರಿಯೆಂದರೆ ಎರಡು ಊರುಗಳ ನಡುವಿನ ಖಾಲಿ ಜಾಗವಲ್ಲ. ಅದೂ ಒಂದು ಬಗೆಯ ಊರೇ.

ಗೇರುಸೊಪ್ಪೆಯ ಸಮೀಪದ ನಗರಬಸ್ತಿಕೇರಿಗೆ ಹೋದವರು ಚತುರ್ಮುಖ ಬಸದಿಯನ್ನು ನೋಡದೆ ಬರುವುದಿಲ್ಲ. ನಾಲ್ಕು ದಿಕ್ಕಿಗೂ ನಾಲ್ಕು ಬಾಗಿಲು. ಗರ್ಭಗೃಹದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ಕಡೆಗೂ ಮುಖಮಾಡಿ ಕುಳಿತ ಜಿನಬಿಂಬಗಳು. ೧೫೮೬ರಲ್ಲಿ ಕಟ್ಟಿದ ಕಾರ್ಕಳದ ಚತುರ್ಮುಖ ಬಸದಿಯನ್ನು ಕಂಡವರಿಗೆ ಈ ವಿನ್ಯಾಸ ಪರಿಚಿತವೇ. ಆದರೆ ಕಾರ್ಕಳದ್ದು ಬಯಲ ಬಂಡೆಯ ಮೇಲೆ ಎದ್ದು ತೋರುತ್ತದೆ; ಇಲ್ಲಿಯದು ಮರಗಳ ನಡುವೆ ತನ್ನನ್ನು ತಾನೇ ಅಡಗಿಸಿಕೊಂಡಂತಿದೆ. ಇಲ್ಲಿ ಲಕ್ಷ ಮನೆಗಳೂ ಎಂಬತ್ತನಾಲ್ಕು ಗುಡಿಗಳೂ ಇದ್ದುವೆಂಬುದು ಐತಿಹ್ಯ. ಆ ಲೆಕ್ಕ ಹೇಗಾದರೂ ಇರಲಿ, ಆ ಬಾಗಿಲಿನಲ್ಲಿ ನಿಂತಾಗ ನನಗೆ ತೋರಿದುದು ಇದು: ನಾಲ್ಕು ಬಾಗಿಲ ಗುಡಿಯನ್ನು ಕಟ್ಟುವ ಜನ ನಾಲ್ಕು ಕಡೆಯಿಂದಲೂ ಬರುವವರನ್ನು ಎದುರುನೋಡುತ್ತಿದ್ದಿರಬೇಕು. ಬಾಗಿಲುಗಳು ಉಳಿದಿವೆ, ಅವುಗಳೆಡೆಗೆ ಬರುತ್ತಿದ್ದ ದಾರಿಗಳು ಉಳಿದಿಲ್ಲ.

ದಾರಿಗಳು ಹೋದುದು ಹೇಗೆ? ಒಂದೇ ಪೆಟ್ಟಿಗಲ್ಲ. ಘಟ್ಟದಲ್ಲಿ ಗಾಡಿರಸ್ತೆ ಬಂದಿತು, ಮೋಟಾರು ಬಂದಿತು. ಹೊರೆ ಕಾಲಿನಿಂದ ಚಕ್ರಕ್ಕೆ ಇಳಿಯಿತು. ೧೯೪೮ರಲ್ಲಿ ಜೋಗದ ತಳದಲ್ಲಿ ವಿದ್ಯುದಾಗಾರ ಆರಂಭವಾಯಿತು. ಅದಕ್ಕೆ ನೀರು ಕೊಡಲೆಂದು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟನ್ನು ೧೯೬೪ರಲ್ಲಿ ಲಿಂಗನಮಕ್ಕಿಯ ಜಲರಾಶಿ ನುಂಗಿತು. ನೀರು ತೀರ ಇಳಿದ ವರ್ಷಗಳಲ್ಲಿ ಅದು ಮತ್ತೆ ತಲೆಯೆತ್ತಿ ಕಾಣುತ್ತದೆ. ಊರುಗಳೂ ಗದ್ದೆಗಳೂ ಮುಳುಗಿದುವು. ಎಷ್ಟೋ ದಾರಿಗಳು ಇಂದು ನೇರವಾಗಿ ನೀರಿನೊಳಕ್ಕೆ ಇಳಿದು ಕೊನೆಗೊಳ್ಳುತ್ತವೆ. ಆ ನೀರಿನ ಆಚೆ ಉಳಿದ ತುಮರಿ ಸೀಮೆಯ ಜನ ದಶಕಗಳ ಕಾಲ ಲಾಂಚನ್ನು ಕಾದು ಬಾಳಿದರು. ಅಂಬಾರಗೋಡ್ಲು–ಕಳಸವಳ್ಳಿಯ ಸೇತುವೆ ತೆರೆದುದು ೨೦೨೫ರಲ್ಲಿ. ರೋಗಿಯನ್ನು ಎತ್ತಿಕೊಂಡು ದಡದಲ್ಲಿ ನಿಂತವರ ಮುಂದೆ ಕಾಲುದಾರಿಯ ಸೊಬಗನ್ನು ಹಾಡುವುದು ಕ್ರೌರ್ಯವೇ ಸರಿ. ರಸ್ತೆ ಬೇಡವೆಂದು ನಾನು ಹೇಳುತ್ತಿಲ್ಲ.

ಆದರೆ ಎಲ್ಲ ಕಡೆಯೂ ರಸ್ತೆಯೇ ಬೇಕೆ? ಈ ಕಣಿವೆಯ ನಿತ್ಯಹಸುರಿನ ಕಾಡಿಗೆ ನಮ್ಮ ಜನ ‘ಕಾನು’ ಎಂದು ಹೆಸರಿಟ್ಟರು. ಘಟ್ಟದಲ್ಲಿರುವ ಒಂದು ಕಾಡಿನ ಹೆಸರೇ ಕತ್ತಲೆಕಾನು. ಅಲ್ಲಿಯ ಜೌಗಿನಲ್ಲಿ ರಾಮಪತ್ರೆಯ ಜಾತಿಯ ಮರಗಳು ಉಸಿರಾಟಕ್ಕೆಂದು ಬೇರುಗಳನ್ನು ಮೊಣಕಾಲಿನಂತೆ ಮಡಿಸಿ ನೀರಿನಿಂದ ಮೇಲಕ್ಕೆ ಎತ್ತಿವೆ. ಮೇಲೆ, ಕೊಂಬೆಗಳ ನಡುವೆ, ಸಿಂಗಳೀಕದ ಸಂಸಾರ. ಈ ಪ್ರಾಣಿ ಬಹುಮಟ್ಟಿಗೆ ಮರದ ಮೇಲೆಯೇ ಬಾಳುತ್ತದೆ. ಕೊಂಬೆಯಿಂದ ಕೊಂಬೆಗೆ ಹೋಗುವುದೇ ಅದರ ನಡಿಗೆ. ಎರಡಡಿಯ ಕಾಲುದಾರಿಯ ಮೇಲೆ ಕೊಂಬೆಗಳು ಕೂಡುತ್ತವೆ. ಅಗಲವಾದ ರಸ್ತೆಯ ಮೇಲೆ ಅವು ಕೂಡಲಾರವು. ನಮ್ಮ ದಾರಿ ಹಿಗ್ಗಿದಷ್ಟೂ ಸಿಂಗಳೀಕದ ದಾರಿ ತುಂಡಾಗುತ್ತದೆ. ಶತಮಾನಗಳ ಕಾಲ ಮೆಣಸಿನ ವ್ಯಾಪಾರ ನಡೆದರೂ ಕಾನು ಕಾನಾಗಿಯೇ ಉಳಿದುದಕ್ಕೆ, ಅದು ಕಾಲುದಾರಿಯ ವ್ಯಾಪಾರವಾಗಿದ್ದುದೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

೧೯೭೨ರಲ್ಲಿ ಅಭಯಾರಣ್ಯವಾದ ಈ ಕಣಿವೆ ೨೦೧೯ರಲ್ಲಿ ವಿಸ್ತಾರಗೊಂಡು ಸಿಂಗಳೀಕದ ಹೆಸರನ್ನೇ ಹೊತ್ತಿತು. ಅದೇ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ೨೦೦೦ ಮೆಗಾವಾಟಿನ ಹೊಸ ವಿದ್ಯುತ್ ಯೋಜನೆಯ ಪ್ರಸ್ತಾಪ ಬಂದು, ಪರ ವಿರೋಧದ ಮಾತುಗಳು ಕೇಳಿಬಂದಿವೆ. ಮರಗಳಿಗೆ ಅರಣ್ಯ ಇಲಾಖೆಯಿದೆ. ಬಸದಿಗೆ ಪುರಾತತ್ತ್ವ ಇಲಾಖೆಯಿದೆ. ನೀರಿಗೆ ವಿದ್ಯುತ್ ನಿಗಮವಿದೆ. ಇವುಗಳನ್ನೆಲ್ಲ ಒಂದಕ್ಕೊಂದು ಪೋಣಿಸಿದ್ದ ದಾರಿಗೆ ಯಾರೂ ಇಲ್ಲ. ಗುಡಿ ಪಾಳುಬಿದ್ದರೂ ಕಲ್ಲು ಉಳಿಯುತ್ತದೆ. ದಾರಿಗೆ ಕಲ್ಲಿನ ಬಲವಿಲ್ಲ. ನಡೆಯುವ ಕಾಲು ನಿಂತರೆ ಕೆಲವೇ ಮಳೆಗಾಲಗಳಲ್ಲಿ ಅದು ಕಾಡಾಗುತ್ತದೆ. ಆಗ ಉಳಿಯುವುದು ನಡೆದವರ ನೆನಪಿನಲ್ಲಿ ಮಾತ್ರ.

ಆದುದರಿಂದ ನಾನು ಕೇಳುವುದು ದೊಡ್ಡದನ್ನೇನೂ ಅಲ್ಲ. ಯಾವ ಏರಿನಲ್ಲಿ ಹೊರೆ ಇಳಿಸುತ್ತಿದ್ದರು, ಯಾವ ಹಳ್ಳದ ಬಳಿ ಬುತ್ತಿ ಬಿಚ್ಚುತ್ತಿದ್ದರು, ಯಾವ ತಿರುವಿಗೆ ಏನು ಹೆಸರು ಎಂಬುದನ್ನು ಹೇಳಬಲ್ಲ ಹಿರಿಯರು ಕಣಿವೆಯ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ಶಾಲೆಯ ಮಕ್ಕಳು ಬರೆದುಕೊಳ್ಳಲಿ, ನಕ್ಷೆಯ ಮೇಲೆ ಗುರುತಿಸಲಿ. ಬಳಿಕ, ಮಳೆ ನಿಂತ ತಿಂಗಳುಗಳಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಊರಿನವರೊಬ್ಬರನ್ನು ಮುಂದಿಟ್ಟುಕೊಂಡು, ಕೆಲವರೇ ಕೂಡಿ ಒಂದೆರಡು ದಾರಿಗಳಲ್ಲಿಯಾದರೂ ನಡೆಯುವಂತಾಗಲಿ. ಬೆಂಕಿ ಹೊತ್ತಿಸದೆ, ಗದ್ದಲ ಮಾಡದೆ, ತಂದುದನ್ನು ಅಲ್ಲಿ ಚೆಲ್ಲದೆ ನಡೆಯಬಲ್ಲವರಿಗೆ ಮಾತ್ರ ಆ ಅವಕಾಶ ಸಲ್ಲಬೇಕು.

ಮೆಣಸಿನ ರಾಣಿಯ ಹೆಸರು ನಮಗೆ ಗೊತ್ತು. ಮೆಣಸು ಹೊತ್ತವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಅವರು ಬರೆದುಹೋದುದು ನೆಲದ ಮೇಲೆ, ತಮ್ಮ ಕಾಲುಗಳಿಂದ. ಆ ಬರಹ ಪೂರ್ತಿ ಅಳಿಸಿಹೋಗುವ ಮೊದಲು ಅದನ್ನು ಓದಿಕೊಳ್ಳುವ ಕೆಲಸ ನಮ್ಮ ತಲೆಮಾರಿಗೆ ಬಂದಿದೆ.