ಅಲಾರಂ ಕೂಗಿತು, ಸರಿ. ಆಮೇಲೆ?

ಇವತ್ತಿನ ವಿಷಯ ಗ್ಯಾಸ್ ಡಿಟೆಕ್ಟರ್. ನಾನು ಓದಿದ್ದು ಬಿ.ಕಾಂ., ಎಂಜಿನಿಯರಿಂಗ್ ಅಲ್ಲ. ಈ ವಿಷಯಕ್ಕೆ ನನ್ನನ್ನ ಎಳೆದು ತಂದಿದ್ದು ನಾನಿದ್ದ ಪಿಜಿಯ ಅಡುಗೆಮನೆ.

ಅಲ್ಲಿ ಎಲ್‌ಪಿಜಿ ಸಿಲಿಂಡರ್ ಇತ್ತು. ಡಿಟೆಕ್ಟರ್ ಕೂಡ ಇತ್ತು, ಬಾಗಿಲಿನ ಮೇಲೆ, ಸೀಲಿಂಗ್ ಹತ್ತಿರ. ಆದರೆ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ನೆಲದ ಮೇಲೆ ಹರಡುತ್ತೆ. ಡಿಟೆಕ್ಟರ್ ನೆಲಕ್ಕೆ ಹತ್ತಿರ ಇರಬೇಕು. ಪೈಪ್‌ನಲ್ಲಿ ಬರೋ ನ್ಯಾಚುರಲ್ ಗ್ಯಾಸ್ ಆದರೆ ಹಗುರ, ಅದಕ್ಕೆ ಮೇಲೆ ಹಾಕೋದು ಸರಿ. ಪಿಜಿ ನೋಡ್ಕೊಳ್ತಿದ್ದ ಅಣ್ಣನನ್ನ ಕೇಳಿದೆ. "ಕೆಳಗೆ ಹಾಕಿದ್ರೆ ಚೆಕಿಂಗ್‌ಗೆ ಬಂದೋರಿಗೆ ಕಾಣಲ್ವಲ್ಲ ಸಾರ್" ಅಂದ್ರು.

ನಗು ಬರುತ್ತೆ. ಆದರೆ ದೊಡ್ಡ ದೊಡ್ಡ ಸ್ಥಾವರಗಳಲ್ಲೂ ಡಿಟೆಕ್ಟರ್ ಇದ್ದು ಜನ ಸತ್ತಿದ್ದಾರೆ.

1988ರ ಜುಲೈ 6. ಸ್ಕಾಟ್ಲೆಂಡ್ ಆಚೆಯ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಅನ್ನೋ ತೈಲ ವೇದಿಕೆ. ರಿಪೇರಿಗೆ ಅಂತ ಒಂದು ಪಂಪ್‌ನ ಸುರಕ್ಷತಾ ವಾಲ್ವ್ ಬಿಚ್ಚಿದ್ದರು. ರಾತ್ರಿ ಪಾಳಿಯವರಿಗೆ ಅದು ಗೊತ್ತಿರಲಿಲ್ಲ, ಆ ಪಂಪನ್ನೇ ಚಾಲೂ ಮಾಡಿದರು. ಸ್ಫೋಟಕ್ಕೆ ಮುಂಚೆ ಕಂಟ್ರೋಲ್ ರೂಮಲ್ಲಿ ಗ್ಯಾಸ್ ಅಲಾರಂಗಳು ಕೂಗಿದವು. ಅಂದರೆ ಡಿಟೆಕ್ಟರ್ ಕೆಲಸ ಮಾಡಿತ್ತು! ಆದರೆ ಬೆಂಕಿ ಆರಿಸೋ ನೀರಿನ ಪಂಪ್‌ಗಳು ಆಟೊಮ್ಯಾಟಿಕ್ ಮೋಡ್‌ನಲ್ಲಿ ಇರಲಿಲ್ಲ. ನೀರೊಳಗೆ ಡೈವರ್‌ಗಳು ಇರುವಾಗ ಪಂಪ್ ಅವರನ್ನ ಎಳ್ಕೊಂಡುಬಿಟ್ಟರೆ ಅಂತ ಮ್ಯಾನ್ಯುಯಲ್‌ಗೆ ಹಾಕಿದ್ದರು. ಸ್ಫೋಟ ಆದಮೇಲೆ ಪಂಪ್ ಹತ್ತಿರ ಹೋಗೋಕೂ ಆಗಲಿಲ್ಲ. 167 ಜನ ಸತ್ತರು.

ಈಗ ಡಿಸೈನ್ ಮಾಡೋರಿಗೆ ಒಂದು ಮಾರ್ಗದರ್ಶಿ ಇದೆ. ಹೆಸರು ಐಎಸ್‌ಎ ಟಿಆರ್ 84.00.07. ಹೆಸರಿಗೆ ಹೆದರಬೇಡಿ, ಅದರ ಮೂಲ ಲೆಕ್ಕ ನಮ್ಮ ಕಾಮರ್ಸ್‌ನವರಿಗೂ ಅರ್ಥ ಆಗುತ್ತೆ. ಮೂರು ಪ್ರಶ್ನೆ ಅಷ್ಟೇ.

ಒಂದು, ಸೋರಿಕೆ ಎಲ್ಲಿ ಆಗಬಹುದೋ ಅದು ಡಿಟೆಕ್ಟರ್‌ಗೆ ಸಿಗುತ್ತಾ? ಎರಡು, ಬೇಕಾದ ಹೊತ್ತಿಗೆ ಆ ಸಾಧನ ಸುಸ್ಥಿತಿಯಲ್ಲಿ ಇರುತ್ತಾ? ಕೆಲವು ಬಗೆಯ ಸೆನ್ಸರ್‌ಗಳು ಸಿಲಿಕೋನ್ ಆವಿ ತಾಗಿದರೆ ಸದ್ದಿಲ್ಲದೆ ಸತ್ತೋಗ್ತವೆ. ಹಸಿರು ಲೈಟ್ ಮಾತ್ರ ಉರೀತಾನೇ ಇರಬಹುದು. ಅದಕ್ಕೇ ಆಗಾಗ ನಿಜವಾದ ಗ್ಯಾಸ್ ತೋರಿಸಿ ಪರೀಕ್ಷೆ ಮಾಡಬೇಕು. ಮೂರು, ಅಲಾರಂ ಕೂಗಿದ ಮೇಲೆ ಮಾಡೋ ಕೆಲಸದಿಂದ ಅಪಾಯ ತಪ್ಪುತ್ತಾ?

ಈ ಮೂರನ್ನೂ ಕೂಡಿಸಲ್ಲ, ಗುಣಿಸ್ತಾರೆ. ಗುಟ್ಟು ಇರೋದು ಇಲ್ಲೇ. ಒಂದೊಂದೂ ಶೇ. 90 ಚೆನ್ನಾಗಿದೆ ಅಂದ್ಕೊಳ್ಳಿ. ಒಟ್ಟು ಬರೋದು ಶೇ. 73ರ ಹತ್ತಿರ. ಯಾವುದೋ ಒಂದು ಸೊನ್ನೆ ಆದರೆ? ಎಲ್ಲಾ ಸೊನ್ನೆ. ಎಷ್ಟೇ ದುಬಾರಿ ಡಿಟೆಕ್ಟರ್ ತಂದರೂ ಅಷ್ಟೇ.

ನಮ್ಮ ಪಿಜಿಗೆ ವಾಪಸ್ ಬರೋಣ. ನಾಲ್ಕೈದು ಜನ ಹಿಂದೆ ಬಿದ್ದು ಡಿಟೆಕ್ಟರ್ ಕೆಳಗೆ ಹಾಕಿಸಿದ್ವಿ. ಖುಷಿಯಾಯ್ತು. ಆಮೇಲೆ ಒಬ್ಬ ಹುಡುಗ ಕೇಳಿದ: "ಗುರು, ರಾತ್ರಿ ಎರಡು ಗಂಟೆಗೆ ಕೂಗಿದ್ರೆ ರೆಗ್ಯುಲೇಟರ್ ಆಫ್ ಮಾಡೋದು ಯಾರು?" ಅಡುಗೆಮನೆಗೆ ಬೀಗ. ಕೀ ಅಣ್ಣನ ಹತ್ತಿರ. ಅಣ್ಣ ಮಲಗೋದು ಇನ್ನೊಂದು ಬಿಲ್ಡಿಂಗ್‌ನಲ್ಲಿ. ಮೂರನೇ ಪ್ರಶ್ನೆಗೆ ನಮ್ಮ ಮಾರ್ಕ್ಸ್ ಸೊನ್ನೆ.

ಸಿಲಿಂಡರ್ ಹೊರಗಡೆ ಇಡಿಸೋವರೆಗೂ ನಾವು ಬಿಡಲಿಲ್ಲ.

ಇವತ್ತು ರಾತ್ರಿ ನಿಮ್ಮ ಮನೆಯಲ್ಲೂ ಈ ಮೂರು ಪ್ರಶ್ನೆ ಕೇಳಿ ನೋಡಿ. ಎಲ್‌ಪಿಜಿ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಆನೂ ಬೇಡ, ಆಫೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಹೊರಗೆ ಬಂದಮೇಲೆ 1906ಕ್ಕೆ ಫೋನ್ ಮಾಡಿ.

ಮುಂದಿನ ವಾರ ಸಿಗೋಣ.