ಹಡಗು ಹತ್ತಿದ ಮಕ್ಕಳು

ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿ ತನಕ. ಚರಿತ್ರೆಯ ವಿಷಯ ಮಾತಾಡಲು ಇವನಿಗೇನು ಅಧಿಕಾರ ಎಂದು ನೀವು ಕೇಳಬಹುದು. ಅಧಿಕಾರವಿಲ್ಲ. ನಮ್ಮ ಮನೆಯಲ್ಲಿ ಮೂರು ಮಕ್ಕಳಿದ್ದಾರೆ. ಅವರ ದೆಸೆಯಿಂದ ಈ ವಿಷಯಕ್ಕೆ ಬಂದು ಬಿದ್ದೆ, ಅಷ್ಟೆ.

ನನ್ನ ಮಗಳಿಗೆ ಒಂದೇ ಹೆರಿಗೆಯಲ್ಲಿ ಮೂರು ಮಕ್ಕಳು. ಎರಡು ಗಂಡು, ಒಂದು ಹೆಣ್ಣು. ಗಂಡು ಮಕ್ಕಳಿಬ್ಬರೂ ಒಂದೇ ಅಚ್ಚು. ಗುರುತಿಗೆಂದು ಒಬ್ಬನ ಕಾಲಿಗೆ ಕಪ್ಪು ನೂಲು ಕಟ್ಟಿದ್ದೆವು. ಮೊದಲ ತಿಂಗಳು ಏನಾಯಿತು ಗೊತ್ತುಂಟೋ? ಒಬ್ಬನಿಗೆ ಎರಡು ಸಲ ಹಾಲು, ಇನ್ನೊಬ್ಬನಿಗೆ ಉಪವಾಸ. ಆಮೇಲೆ ನಾನೊಂದು ನೋಟ್ ಪುಸ್ತಕ ತೆಗೆದು ಲೆಡ್ಜರಿನಂತೆ ಮೂರು ಕಾಲಂ ಎಳೆದೆ. ಎಷ್ಟು ಗಂಟೆಗೆ ಯಾರಿಗೆ ಹಾಲು, ಯಾರಿಗೆ ಜ್ವರ, ಯಾರಿಗೆ ಯಾವ ಮದ್ದು, ಎಲ್ಲವನ್ನೂ ಬರೆದಿಟ್ಟೆ. ಬ್ಯಾಂಕಿನಲ್ಲಿ ರಾತ್ರಿ ಎಂಟಕ್ಕಾದರೂ ಲೆಕ್ಕ ತಾಳೆಯಾಗುತ್ತಿತ್ತು. ಇಲ್ಲಿ ಬೆಳಗ್ಗಿನ ಮೂರು ಗಂಟೆಗೂ ಆಗುತ್ತಿರಲಿಲ್ಲ.

ಮಗಳು ನರ್ಸ್. ಅಳಿಯ ಶಾರ್ಜಾದಲ್ಲಿದ್ದಾನೆ. ಮಕ್ಕಳಿಗೆ ಎರಡೂವರೆ ವರ್ಷವಾದಾಗ ಅವಳಿಗೂ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ವಾರ್ಡಿನಲ್ಲೇ ಕೆಲಸ ಸಿಕ್ಕಿತು. ಮೂವರನ್ನು ಕರಕೊಂಡು ಹೋದರೆ ಬಾಡಿಗೆ, ಆಯಾಳ ಖರ್ಚು ಕಳೆದು ಏನೂ ಉಳಿಯದು. ಹಾಗಾಗಿ ಮಕ್ಕಳು ನಮ್ಮಲ್ಲಿ ಉಳಿದರು. ಗಲ್ಫಿಗೆ ಹೋದವರ ಮಕ್ಕಳು ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆಯುವುದು ನಮ್ಮ ಕಾಸರಗೋಡಿನಲ್ಲಿ ಹೊಸ ಸಂಗತಿಯಲ್ಲ. ಆದರೆ ಅವಳು ಹೊರಟ ದಿನ ನನ್ನ ಹೆಂಡತಿ ಅಂದ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು: "ಊರವರ ಮಕ್ಕಳನ್ನು ನೋಡಲಿಕ್ಕೆ ಹೋಗ್ತಾಳೆ, ಇವಳ ಮಕ್ಕಳನ್ನು ನಾವು ನೋಡಬೇಕು."

ಕೆಲವು ತಿಂಗಳ ಬಳಿಕ ಒಂದು ಮದುವೆಗೆಂದು ತಲಶ್ಶೇರಿಗೆ ಹೋಗಿದ್ದೆ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಅಲ್ಲೇ ಹತ್ತಿರ ಇಲ್ಲಿಕ್ಕುನ್ನು ಎಂಬ ಗುಡ್ಡದ ಮೇಲೆ ಗುಂಡರ್ಟ್ ಬಂಗಲೆ ಉಂಟು, ಈಗ ಮ್ಯೂಸಿಯಂ ಮಾಡಿದ್ದಾರೆ. ಹೆರ್ಮನ್ ಗುಂಡರ್ಟ್ ಯಾರೆಂದು ಮಲಯಾಳ ಶಾಲೆಗೆ ಹೋದ ಮಕ್ಕಳಿಗೆ ಗೊತ್ತು. 1872ರಲ್ಲಿ ಮಲಯಾಳ-ಇಂಗ್ಲಿಷ್ ನಿಘಂಟು ಕೊಟ್ಟವರು. ನಮಗೆ ಕಿಟ್ಟೆಲ್ ಇದ್ದಂತೆ ಅವರಿಗೆ ಗುಂಡರ್ಟ್. ಇಬ್ಬರೂ ಬಾಸೆಲ್ ಮಿಶನಿನವರು. ಆ ಮಿಶನಿನ ಹೆಸರು ಒತ್ತಿದ ಹೆಂಚು ನಮ್ಮ ಹಳೆಯ ಮನೆಯ ಮಾಡಿನಲ್ಲೂ ಇತ್ತು.

ನನಗೆ ಅಲ್ಲಿ ನಿಘಂಟಿಗಿಂತ ಗುಂಡರ್ಟರ ಹೆಂಡತಿಯ ವಿಷಯ ಹಿಡಿಯಿತು. ಊರಿಗೆ ಬಂದು ಸಿಕ್ಕಿದ್ದನ್ನೆಲ್ಲ ಓದಿದೆ.

ಆಕೆಯ ಹೆಸರು ಜೂಲಿ ಡುಬ್ವಾ. 1809ರಲ್ಲಿ ಹುಟ್ಟಿದವರು, ಸ್ವಿಟ್ಜರ್ಲೆಂಡಿನವರು, ಮನೆಮಾತು ಫ್ರೆಂಚ್. 1836ರಲ್ಲಿ ಭಾರತಕ್ಕೆ ಬಂದರು. 1838ರಲ್ಲಿ ಚಿತ್ತೂರಿನಲ್ಲಿ ಗುಂಡರ್ಟರೊಡನೆ ಮದುವೆಯಾಯಿತು. ಸ್ವಲ್ಪ ಕಾಲ ಮಂಗಳೂರಿನಲ್ಲಿದ್ದು 1839ರಲ್ಲಿ ತಲಶ್ಶೇರಿಗೆ ಬಂದರು. ಬಂದವರೇ ಹೆಣ್ಣುಮಕ್ಕಳಿಗೆಂದು ಶಾಲೆ ಸುರು ಮಾಡಿದರು. ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ಓದಲು ಕಳುಹಿಸುವವರು ಎಷ್ಟು ಮಂದಿ? ತಾಯಿತಂದೆ ಇಲ್ಲದ ಹುಡುಗಿಯರನ್ನು ತಮ್ಮಲ್ಲೇ ಇರಿಸಿಕೊಂಡು, ಊಟ ಹಾಕಿ, ಅಕ್ಷರ ಮತ್ತು ಹೊಲಿಗೆ ಕಲಿಸಿದರು. ಮತದ ವಿಷಯದಲ್ಲಿ ಮಿಶನಿನವರೊಡನೆ ನಮಗೆ ಭಿನ್ನಾಭಿಪ್ರಾಯ ಇರಬಹುದು, ಅದು ಬೇರೆ ಮಾತು. ಕೈಗೆ ಸ್ಲೇಟು ಸಿಕ್ಕಿದ ಹುಡುಗಿಗೆ ಅದು ಸಣ್ಣದಲ್ಲ.

ಈ ನಡುವೆ ಆಕೆಗೂ ಮಕ್ಕಳಾದವು. 1842ರಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಮರೀ ಎಂದು ಹೆಸರಿಟ್ಟರು. ಅವರ ದೇಶದ ಹೆಸರೇ ಅದು, ಆದರೆ ನಮ್ಮ ಕಿವಿಗೆ ಎಷ್ಟು ಮುದ್ದಾಗಿ ಕೇಳುತ್ತದೆ ನೋಡಿ. 1846ರಲ್ಲಿ ಗುಂಡರ್ಟ್ ದಂಪತಿ ರಜೆಯಲ್ಲಿ ಯೂರೋಪಿಗೆ ಹೋಗಿದ್ದರು. ತಿರುಗಿ ಹಡಗು ಹತ್ತುವಾಗ ಮರೀಯನ್ನೂ ಅವಳ ಅಣ್ಣಂದಿರನ್ನೂ ಅಲ್ಲೇ ಬಿಟ್ಟು ಬಂದರು. ಹುಡುಗಿಗೆ ಸುಮಾರು ನಾಲ್ಕು ವರ್ಷ. ಬಾಸೆಲಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದಳು, ಮತ್ತೆ ಹಾಸ್ಟೆಲಿನಲ್ಲಿ. ತಾಯಿ ಇತ್ತ ಮಲಬಾರಿನಲ್ಲಿ ಯಾರದೋ ಹೆಣ್ಣುಮಕ್ಕಳ ತಲೆ ಬಾಚುತ್ತಿದ್ದರು.

ಇದು ಕಲ್ಲು ಮನಸ್ಸಿನಿಂದ ಮಾಡಿದ್ದು ಎಂದು ತಿಳಿಯಬೇಡಿ. ಮಿಶನಿನವರಲ್ಲಿ ಅದೇ ರೂಢಿ. 1853ರಲ್ಲಿ ಅದು ನಿಯಮವೇ ಆಯಿತು. ಶಾಲೆಗೆ ಹೋಗುವ ಪ್ರಾಯದ ಮಕ್ಕಳು ಯೂರೋಪಿಗೆ ಹೋಗಬೇಕು. ಅವರಿಗೆಂದು ಬಾಸೆಲಿನಲ್ಲಿ ಒಂದು ಮಕ್ಕಳ ಮನೆಯನ್ನೂ ತೆರೆದರು. ಕಾರಣಗಳು ಇದ್ದವು. ಇಲ್ಲಿನ ಸೆಕೆ, ಜ್ವರ, ವಾಂತಿಭೇದಿ. ಎಷ್ಟೋ ಶಿಶುಗಳು ಇಲ್ಲೇ ಮಣ್ಣಾದವು. ಅವರ ಕ್ರಮದ ಶಾಲೆ ಇರಲಿಲ್ಲ. ಊರಿನ ನಡೆನುಡಿ ತಮ್ಮ ಮಕ್ಕಳಿಗೆ ಹತ್ತೀತೆಂಬ ಹೆದರಿಕೆಯೂ ಇತ್ತು. ಈ ಕೊನೆಯ ಕಾರಣ ಓದುವಾಗ ನನಗೆ ಸ್ವಲ್ಪ ಸಿಟ್ಟು ಬಂತು. ಊರ ಮಕ್ಕಳ ಉದ್ಧಾರಕ್ಕೆ ಬಂದವರಿಗೆ ತಮ್ಮ ಮಕ್ಕಳು ಅವರೊಡನೆ ಆಡುವುದು ಬೇಡ!

ಕಾಗದ ಬರೆಯುತ್ತಿದ್ದರು, ನಿಜ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕಿಂತ ಮೊದಲು ಒಂದು ಕಾಗದಕ್ಕೆ ಉತ್ತರ ಬರಬೇಕಾದರೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಹಲ್ಲು ಬಿದ್ದ ಸುದ್ದಿ ತಾಯಿಗೆ ಮುಟ್ಟುವಾಗ ಹೊಸ ಹಲ್ಲು ಬಂದಿರುತ್ತಿತ್ತು.

1857ರಲ್ಲಿ ಮರೀ ತಿರುಗಿ ಭಾರತಕ್ಕೆ ಬಂದಳು. ಹದಿನೈದು ವರ್ಷದ ಹುಡುಗಿ. ನಡುವೆ ಹನ್ನೊಂದು ವರ್ಷ. ಹಡಗಿನಿಂದಿಳಿದ ಮಗಳನ್ನು ತಾಯಿ ಹೇಗೆ ಕರೆದಿರಬಹುದು? ನಾನು ಬಹಳ ಸಲ ಯೋಚಿಸಿದ್ದೇನೆ.

ಮರೀ ಮುಂದೆ ತಾನೂ ಮಿಶನರಿಯ ಹೆಂಡತಿಯಾದಳು. ಎರಡು ಗಂಡು ಮಕ್ಕಳಾದವು, 1870ರಲ್ಲಿ ಗಂಡ ತೀರಿಕೊಂಡ. 1874ರಲ್ಲಿ ಯೊಹಾನೆಸ್ ಹೆಸ್ಸೆಯವರೊಡನೆ ಎರಡನೆಯ ಮದುವೆಯಾಯಿತು. ಅವರೂ ಹಿಂದೆ ನಮ್ಮ ಮಂಗಳೂರಿನಲ್ಲಿದ್ದವರು, ಆರೋಗ್ಯ ಕೆಟ್ಟು ಊರಿಗೆ ಮರಳಿದವರು. ಇವರ ಮಗನೇ 'ಸಿದ್ಧಾರ್ಥ' ಕಾದಂಬರಿ ಬರೆದು, 1946ರಲ್ಲಿ ನೊಬೆಲ್ ಪಡೆದ ಹೆರ್ಮನ್ ಹೆಸ್ಸೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟದ್ದು.

ಆ ಹುಡುಗ ಬಹಳ ಹಟಮಾರಿ. 1884ರಲ್ಲಿ, ಅವನಿಗೆ ಆರೂವರೆ ವರ್ಷವಾಗಿದ್ದಾಗ, ತಾಯಿತಂದೆ ಅವನನ್ನು ಮಿಶನಿನ ಹುಡುಗರ ಮನೆಗೆ ಸೇರಿಸಿದರು. ಅವರು ಬೇರೆ ದೇಶದಲ್ಲಿರಲಿಲ್ಲ, ಅದೇ ಬಾಸೆಲ್ ಊರಲ್ಲಿದ್ದರು. ಕೆಲವು ತಿಂಗಳು ಹುಡುಗ ಭಾನುವಾರ ಮಾತ್ರ ಮನೆಗೆ ಬರುತ್ತಿದ್ದ. ನಾಲ್ಕು ವರ್ಷಕ್ಕೇ ತಾಯಿಯಿಂದ ದೂರವಾದ ಮರೀ ತನ್ನ ಮಗನನ್ನೂ ಹೀಗೆ ಕಳುಹಿಸಿದಳಲ್ಲ ಎಂದು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಬೇರೆ ದಾರಿ ಅವಳಿಗೆ ಯಾರೂ ತೋರಿಸಿರಲಿಲ್ಲವೋ ಏನೋ.

ಇದನ್ನೆಲ್ಲ ಮಗಳಿಗೆ ಹೇಳಲಿಲ್ಲ. ಹೇಳಿದರೆ ಚುಚ್ಚಿದ ಹಾಗಾಗುತ್ತದೆ. ಅವಳು ಮಾತ್ರ ದಿನಾ ರಾತ್ರಿ ಡ್ಯೂಟಿ ಮುಗಿಸಿ ಮೊಬೈಲಿನಲ್ಲಿ ಮುಖ ತೋರಿಸುತ್ತಾಳೆ. ಮೊದಮೊದಲು ಮೂವರೂ ಮುಗಿಬೀಳುತ್ತಿದ್ದರು. ಕಳೆದ ತಿಂಗಳು ನೂಲು ಕಟ್ಟಿದವನು ಆಟ ಬಿಟ್ಟು ಬರಲೇ ಇಲ್ಲ. ಹೆಣ್ಣುಮಗು ಅಂಗನವಾಡಿಯಲ್ಲಿ ಕಲಿತ ಮಲಯಾಳದಲ್ಲಿ "ನಾಳೆ ವಿಳಿಕ್ಕಾಮೋ" ಎಂದು ತಾಯಿಗೇ ಹೇಳಿ ಓಡಿತು. ನಾಳೆ ಫೋನ್ ಮಾಡುತ್ತೀಯಾ ಅಂತ. ಪರದೆಯ ಆಚೆ ಮಗಳು ನಕ್ಕಳು. ನಗು ನಿಂತ ಮೇಲೂ ಫೋನ್ ಇಡಲಿಲ್ಲ.

"ಅಪ್ಪಾ, ನಿಮ್ಮ ಆ ಪುಸ್ತಕ ಉಂಟಲ್ಲ, ಇವತ್ತಿನದ್ದು ಓದಿ" ಎಂದಳು.

ಕನ್ನಡಕ ಹಾಕಿಕೊಂಡು ಓದಿದೆ. ಹಿರಿಯವನು ಎರಡು ದೋಸೆ. ಕಿರಿಯವನಿಗೆ ಸ್ವಲ್ಪ ಶೀತ, ಬಿಸಿನೀರು ಕೊಟ್ಟಿದೆ. ಹುಡುಗಿ ಮಧ್ಯಾಹ್ನ ನಿದ್ದೆ ಮಾಡಲಿಲ್ಲ, ಬಾವಿಕಟ್ಟೆ ಹತ್ತಿದ್ದಕ್ಕೆ ಅಜ್ಜಿಯಿಂದ ಒಂದು ಪೆಟ್ಟು. ಆ ದಿನದಿಂದ ಅದೊಂದು ಕ್ರಮವಾಗಿದೆ. ಮಕ್ಕಳು ಮಲಗಿದ ಮೇಲೆ ಫೋನ್ ಬರುತ್ತದೆ, ನಾನು ಓದುತ್ತೇನೆ, ಅವಳು ಕೇಳುತ್ತಾಳೆ. ಈಗ ಐದನೆಯ ಪುಸ್ತಕ ನಡೆಯುತ್ತಾ ಇದೆ.