ಸೀಟಿಗೆ ಮುನ್ನ ಹೊಡೆದ ಚೆಂಡು

(ಸಂಘದ ತಿಂಗಳ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಲ್ಲಿ ಕುಮಾರವ್ಯಾಸನ ಬಗೆಗೆ, ಗಡಿಸಮಸ್ಯೆಯ ಬಗೆಗೆ, ಮುಂಬಯಿಯ ಕನ್ನಡ ಶಾಲೆಗಳ ಅಳಿವು ಉಳಿವಿನ ಬಗೆಗೆ ಮಾತುಗಳು ನಡೆಯುತ್ತ ಬಂದಿವೆ. ನಾನು ಫುಟ್‌ಬಾಲಿನ ನಿಯಮಗಳ ಬಗೆಗೆ ಮಾತನಾಡುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿಗಳು ಕ್ಷಣಕಾಲ ಸುಮ್ಮನಿದ್ದು, "ಅದರಲ್ಲಿ ಕನ್ನಡ ಎಲ್ಲಿ ಬಂತು?" ಎಂದು ಕೇಳಿದರು. ಬರುತ್ತದೆ, ಸ್ವಲ್ಪ ತಾಳ್ಮೆ ಇರಲಿ ಎಂದೆ. ತಮ್ಮಲ್ಲಿಯೂ ಅದನ್ನೇ ಬೇಡುತ್ತೇನೆ.

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದುದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳು ನಿಗದಿತ ಅವಧಿಯಲ್ಲಿ ಒಂದೂ ಗೋಲು ಹೊಡೆಯದೆ ಹೆಚ್ಚುವರಿ ವೇಳೆಗೆ ಬಂದಿದ್ದವು. 96ನೆಯ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಕೇರಳದ ಗೋಲಿ ತನ್ನ ಮುಂದೆ ಆಟಗಾರರ ಗೋಡೆಯನ್ನು ನಿಲ್ಲಿಸುವುದರಲ್ಲಿ ಮಗ್ನನಾಗಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿನೊಳಗೆ ಹಾಕಿಬಿಟ್ಟರು. ರೆಫರಿ ಗೋಲು ಎಂದರು. ತಮಗೆ ಸೀಟಿಯೂ ಬೇಡ, ಗೋಡೆಯೂ ಬೇಡವೆಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಛೆಟ್ರಿ ಪಂದ್ಯದ ಬಳಿಕ ಹೇಳಿದರು. ಕೇರಳದ ತರಬೇತುದಾರರು ತಮ್ಮ ಆಟಗಾರರನ್ನು ಕರೆದುಕೊಂಡು ಮೈದಾನದಿಂದ ಹೊರನಡೆದರು. ಗೆಲುವು ಬೆಂಗಳೂರಿನ ಪಾಲಾಯಿತು. ಮುಂದೆ ಕೇರಳದ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು, ತರಬೇತುದಾರರಿಗೆ ಹತ್ತು ಪಂದ್ಯಗಳ ನಿಷೇಧ.

ಆ ರಾತ್ರಿ ನನ್ನ ಪಕ್ಕದಲ್ಲಿ ಕುಳಿತು ಟಿವಿ ನೋಡುತ್ತಿದ್ದವರು ನನ್ನ ಐವತ್ತು ವರ್ಷಗಳ ಗೆಳೆಯರು, ಪಾಲಕ್ಕಾಡಿನವರು. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು, "ಅಣ್ಣಾ, ಇದು ಮೋಸ" ಎಂದಷ್ಟೇ ಹೇಳಿ ಹೊರಟುಹೋದರು. ನಾನು, "ಚೇಟಾ, ನಿಯಮ ಓದಿ ಬನ್ನಿ" ಎಂದೆ. ಆ ನಿಯಮವನ್ನು ನಾನಿನ್ನೂ ಓದಿರಲಿಲ್ಲ ಎಂಬುದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇನೆ.

ಮರುದಿನ ಓದಿದೆ. ಫ್ರೀ ಕಿಕ್ ಎಂಬುದು ತಪ್ಪಿಗೆ ಒಳಗಾದ ತಂಡಕ್ಕೆ ಸಿಗುವ ಪರಿಹಾರ. ಚೆಂಡು ನಿಂತಿದ್ದರೆ ಸಾಕು, ಅದನ್ನು ಕೂಡಲೇ ಹೊಡೆಯಬಹುದು. ಎದುರಾಳಿಗಳು 9.15 ಮೀಟರು ದೂರ ಸರಿಯಬೇಕು. ಆದರೆ ಅವರು ಸರಿಯುವವರೆಗೆ ಕಾಯಬೇಕೆಂಬ ಕಡ್ಡಾಯ ಹೊಡೆಯುವವನಿಗಿಲ್ಲ. ಕಾಯುವಂತೆ ರೆಫರಿ ಸೂಚಿಸಿದ್ದರೆ ಮಾತ್ರ ಸೀಟಿ ಅವಶ್ಯ. ಗೋಡೆ ಕಟ್ಟಿಕೊಳ್ಳುವುದು ತಪ್ಪು ಮಾಡಿದ ತಂಡದ ಹಕ್ಕೆಂದು ನಿಯಮ ಎಲ್ಲಿಯೂ ಹೇಳುವುದಿಲ್ಲ. ನಾವು ನೋಡಿ ನೋಡಿ ಅದನ್ನು ಹಕ್ಕು ಎಂದುಕೊಂಡಿದ್ದೇವೆ, ಅಷ್ಟೆ. ಅಂದು ರೆಫರಿ ಕಾಯಲು ಸೂಚಿಸಿದ್ದರೇ ಇಲ್ಲವೇ ಎಂಬುದರ ಮೇಲೆಯೇ ಎರಡೂ ಕಡೆಯ ಅಭಿಮಾನಿಗಳ ಜಗಳವೆಲ್ಲ ನಿಂತಿತ್ತು. ಶಿಸ್ತು ಸಮಿತಿ ಕೇರಳದ ದೂರನ್ನು ತಳ್ಳಿಹಾಕಿತು. ಗೆಳೆಯರಿಗೆ ಫೋನಿನಲ್ಲಿ ಇಷ್ಟನ್ನೂ ಹೇಳಿದೆ. ಅವರು, "ಹಾಗಾದರೆ ನಿಯಮ ಬದಲಾಗಬೇಕು. ಗೋಲಿನ ಸಮೀಪ ಸೀಟಿಯಿಲ್ಲದೆ ಹೊಡೆಯಕೂಡದು" ಎಂದರು.

ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ವಾದ ಹೊಸದಲ್ಲ. ರಥದ ಚಕ್ರ ಹೂತಿದೆ, ಎತ್ತುವವರೆಗೆ ತಾಳು ಎನ್ನುತ್ತಾನೆ ಕರ್ಣ. ತಾಳಬೇಡ, ಹೊಡೆ ಎನ್ನುತ್ತಾನೆ ಕೃಷ್ಣ. ಕರ್ಣ ಧರ್ಮವನ್ನು ನೆನಪಿಸುತ್ತಾನೆ, ಕೃಷ್ಣ ಅಭಿಮನ್ಯುವನ್ನು ನೆನಪಿಸುತ್ತಾನೆ. ಅರ್ಥಧಾರಿಗಳು ಸಮರ್ಥರಾಗಿದ್ದರೆ ಬೆಳಗಿನ ಜಾವದವರೆಗೂ ಯಾರು ಗೆದ್ದರೆಂದು ತಿಳಿಯುವುದಿಲ್ಲ. ಮುಂಬಯಿಯ ಸಭಾಗೃಹಗಳಲ್ಲಿ ನಾನು ಎಷ್ಟೋ ಸಲ ಕರ್ಣನ ಪಕ್ಷ ವಹಿಸಿ ಕಣ್ಣೀರಿಟ್ಟು ಮನೆಗೆ ಮರಳಿದ್ದೇನೆ. ಛೆಟ್ರಿಯ ವಿಷಯದಲ್ಲಿ ಮಾತ್ರ ಕ್ಷಣಮಾತ್ರದಲ್ಲಿ ಕೃಷ್ಣನ ಪಕ್ಷಕ್ಕೆ ಹಾರಿದೆ. ಅದೇ ಚೆಂಡನ್ನು ಕೇರಳದವರು ಬೆಂಗಳೂರಿನ ಗೋಲಿಗೆ ಹಾಕಿದ್ದರೆ? ನಾನೂ ಚಪ್ಪಲಿ ಮೆಟ್ಟಿಕೊಂಡು ಎದ್ದಿರುತ್ತಿದ್ದೆ. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ನೇಪಾಳಿ ಮೂಲದ ಮನೆತನದಲ್ಲಿ ಎಂಬುದು ಆಗ ನನಗೆ ನೆನಪಿಗೇ ಬರಲಿಲ್ಲ.

ಯುಕ್ತಿ ಮೊದಲು, ಅದನ್ನು ತಡೆಯುವ ನಿಯಮ ಅನಂತರ. ಫುಟ್‌ಬಾಲಿನ ಚರಿತ್ರೆಯುದ್ದಕ್ಕೂ ನಡೆದಿರುವುದು ಇದೇ. ಹಿಂದೆ ಮುಂದಾಳು ಆಟಗಾರನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಮೂವರಿರಬೇಕಿತ್ತು, ಇಲ್ಲದಿದ್ದರೆ ಆಫ್‌ಸೈಡ್. ನ್ಯೂಕ್ಯಾಸಲ್ ತಂಡದ ಬಿಲ್ ಮೆಕ್ರಾಕೆನ್ ಎಂಬ ಫುಲ್ ಬ್ಯಾಕ್ ಇದರಲ್ಲಿ ಒಂದು ಉಪಾಯ ಕಂಡುಕೊಂಡರು. ಸರಿಯಾದ ಗಳಿಗೆಯಲ್ಲಿ ನಾಲ್ಕು ಹೆಜ್ಜೆ ಮುಂದೆ ಬಂದರಾಯಿತು, ಎದುರಾಳಿಗಳೆಲ್ಲ ಬಲೆಗೆ ಬಿದ್ದಂತೆ. ಉಳಿದ ತಂಡಗಳೂ ಇದನ್ನು ಕಲಿತವು. ಆಟ ಮೈದಾನದ ನಡುವೆ ಒಂದು ಸಣ್ಣ ಪಟ್ಟಿಯಲ್ಲಿ ಸಿಕ್ಕಿಕೊಂಡಿತು. ಪ್ರೇಕ್ಷಕರು ಬೇಸತ್ತರು. 1925ರಲ್ಲಿ ಮೂವರನ್ನು ಇಬ್ಬರಿಗೆ ಇಳಿಸಿದರು. ಇಂಗ್ಲೆಂಡಿನ ಮೊದಲ ಡಿವಿಜನ್ನಿನಲ್ಲಿ ಅದರ ಹಿಂದಿನ ಋತುವಿನಲ್ಲಿ ಬಿದ್ದ ಗೋಲುಗಳು 1192. ಮರು ಋತುವಿನಲ್ಲಿ 1703. ಆದರೆ ಹೊಸ ನಿಯಮದ ಬೆನ್ನಿಗೇ ಆರ್ಸೆನಲ್‌ನ ಹರ್ಬರ್ಟ್ ಚಾಪ್ಮನ್ ನಡು ಆಟಗಾರನನ್ನು ಹಿಂದಕ್ಕೆ ಎಳೆದು ಹೊಸ ವ್ಯೂಹವನ್ನೇ ಕಟ್ಟಿದರು. ಒಂದು ಬಲೆಯನ್ನು ಹರಿದ ನಿಯಮ ಇನ್ನೊಂದನ್ನು ಹೆಣೆಯಲು ನೂಲು ಕೊಟ್ಟಿತು.

1990ರ ವಿಶ್ವಕಪ್ಪಿನಲ್ಲಿ ತಂಡಗಳು ಚೆಂಡನ್ನು ತಮ್ಮ ಗೋಲಿಗೇ ಹಿಂದಿರುಗಿಸಿ, ಆತ ಅದನ್ನು ಅಪ್ಪಿಕೊಂಡು ಕಾಲ ಕಳೆಯುವುದನ್ನು ಕಂಡು ಲೋಕವೇ ಆಕಳಿಸಿತು. 1992ರಲ್ಲಿ, ಜೊತೆಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲಿ ಕೈಯಿಂದ ಮುಟ್ಟಕೂಡದೆಂದು ನಿಯಮವಾಯಿತು. ಹಾಗಾದರೆ ಕಾಲಿನಿಂದ ಚೆಂಡನ್ನು ಮೇಲಕ್ಕೆತ್ತಿ ತಲೆಯಿಂದಲೋ ಮೊಣಕಾಲಿನಿಂದಲೋ ಗೋಲಿಗೆ ಕೊಟ್ಟರೆ? ಅದಕ್ಕೂ ನಿಯಮ ಬಂದಿದೆ. ಹಾಗೆ ಮಾಡಿದರೆ ಎಚ್ಚರಿಕೆಯ ಹಳದಿ ಚೀಟಿ, ಗೋಲಿ ಚೆಂಡನ್ನು ಕೈಯಿಂದ ಮುಟ್ಟಿರಲಿ ಬಿಡಲಿ. ಇಲ್ಲಿ ನಿಯಮ ಶಿಕ್ಷಿಸುವುದು ಕೃತ್ಯವನ್ನಲ್ಲ, ಉದ್ದೇಶವನ್ನು. ರೆಫರಿಯನ್ನು ಅಂತರ್ಯಾಮಿಯನ್ನಾಗಿ ಮಾಡುವ ಇಂಥ ನಿಯಮ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. 2019ರಲ್ಲಿ ಗೋಡೆಗೇ ಸಂಬಂಧಿಸಿ ಒಂದು ತಿದ್ದುಪಡಿಯಾಯಿತು. ಫ್ರೀ ಕಿಕ್ ಹೊಡೆಯುವ ತಂಡದವರು ಎದುರಾಳಿಗಳ ಗೋಡೆಯೊಳಗೆ ನುಸುಳಿ ನೂಕಾಡುತ್ತಿದ್ದರು; ಮೂವರು ಅಥವಾ ಹೆಚ್ಚಿನವರ ಗೋಡೆಯಿದ್ದರೆ ಅದರಿಂದ ಒಂದು ಮೀಟರು ದೂರವಿರಬೇಕೆಂದು ಈಗ ಕಟ್ಟಳೆ. ಇದು ನೇರ, ಸರಳ. ಮೀಟರನ್ನು ಯಾರು ಬೇಕಾದರೂ ಅಳೆಯಬಹುದು.

ರಾಜಕಾರಣದಲ್ಲಿಯೂ ಇದನ್ನೇ ಕಾಣುತ್ತೇವೆ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಮೂರನೆಯ ಒಂದು ಭಾಗ ಒಡೆದರೆ ಅದು ಪಕ್ಷಾಂತರವಲ್ಲ, ವಿಭಜನೆ ಎಂಬ ಸಂದಿ ಅದರಲ್ಲಿತ್ತು. 2003ರಲ್ಲಿ ಆ ಸಂದಿಯನ್ನು ಮುಚ್ಚಿದರು. 2019ರ ಜುಲೈಯಲ್ಲಿ ಕರ್ನಾಟಕದ ಶಾಸಕರು ರಾಜೀನಾಮೆ ಬರೆದುಕೊಟ್ಟು ಇದೇ ಮುಂಬಯಿಯ ಪೊವಾಯಿಯ ಹೋಟೆಲಿನಲ್ಲಿ ಬಂದು ಕುಳಿತರು. ಅವರನ್ನು ಕಾಣಲು ಬಂದ ಡಿ. ಕೆ. ಶಿವಕುಮಾರರನ್ನು ಪೊಲೀಸರು ಬಾಗಿಲಲ್ಲೇ ತಡೆದರು. ಮೂರು ವರ್ಷಗಳ ಬಳಿಕ ಮಹಾರಾಷ್ಟ್ರದ ಶಾಸಕರು ಸೂರತ್ತಿಗೂ ಗುವಾಹಟಿಗೂ ಹೋದರು. ಮೈದಾನದಲ್ಲಿ ವ್ಯೂಹ ಕಟ್ಟುವವರು ಕಡೆಯ ಪಕ್ಷ ಮೈದಾನದಲ್ಲಿಯೇ ಇರುತ್ತಾರೆ.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನಾನು 1969ರಲ್ಲಿ ಕುಂದಾಪುರದ ಕಡೆಯಿಂದ ಈ ಊರಿಗೆ ಬಂದೆ. ಹಗಲು ಕೋಟೆ ಪರಿಸರದ ಒಂದು ಹೋಟೆಲಿನಲ್ಲಿ ಕೆಲಸ, ರಾತ್ರಿ ಶಾಲೆ. ಮಧ್ಯಾಹ್ನದ ಊಟದ ಗಿರಾಕಿಗಳು ಕರಗಿ ಸಂಜೆಯ ಚಹಾದ ಗಿರಾಕಿಗಳು ಬರುವ ಮೊದಲು ಎರಡು ಗಂಟೆಗಳ ಬಿಡುವು. ನಾವು ಹೋಟೆಲ್ ಹುಡುಗರು ಕ್ರಾಸ್ ಮೈದಾನಕ್ಕೆ ಓಡುತ್ತಿದ್ದೆವು. ಪಾಲಕ್ಕಾಡಿನ ಗೆಳೆಯರು ಎದುರು ಗಲ್ಲಿಯ ಚಹಾದಂಗಡಿಯಲ್ಲಿದ್ದರು. ನಮಗೆ ತರಬೇತಿ ಇರಲಿಲ್ಲ, ಬೂಟು ಇರಲಿಲ್ಲ. ಒಂದು ಯುಕ್ತಿ ಮಾತ್ರ ಇತ್ತು. ಫ್ರೀ ಕಿಕ್ ಸಿಕ್ಕಾಗ ನಾನು ಚೆಂಡಿನ ಬಳಿ ಕುಳಿತು ಅಂಗಾಲಿನ ಮುಳ್ಳು ತೆಗೆಯುವವನಂತೆ ನಟಿಸುತ್ತಿದ್ದೆ. ಎದುರಾಳಿಗಳು ನಕ್ಕು ಮೈ ಸಡಿಲಿಸುವಷ್ಟರಲ್ಲಿ ಗೆಳೆಯರು ಹಿಂದಿನಿಂದ ಬಂದು ಹೊಡೆದುಬಿಡುತ್ತಿದ್ದರು. 1974ರ ಮಳೆಗಾಲದ ಒಂದು ಸಣ್ಣ ಪಂದ್ಯಾವಳಿಯಲ್ಲಿ ಈ ಮುಳ್ಳಿನಿಂದಲೇ ಮೂರು ಪಂದ್ಯ ಗೆದ್ದೆವು.

ಮರುವರ್ಷ ಪ್ರವೇಶಪತ್ರ ತರಲು ಹೋದಾಗ ಹೊಸ ನಿಯಮಗಳ ಹಾಳೆಯೊಂದನ್ನು ಕೈಗಿತ್ತರು. ಸೀಟಿಯಿಲ್ಲದೆ ಫ್ರೀ ಕಿಕ್ ಹೊಡೆಯತಕ್ಕದ್ದಲ್ಲ ಎಂಬುದು ಒಂದು. ಅದು ನಮಗಾಗಿಯೇ ಬರೆದದ್ದೆಂದು ನಗು ಬಂತು, ಸ್ವಲ್ಪ ಹೆಮ್ಮೆಯೂ ಆಯಿತು. ಅದರ ಕೆಳಗಿನ ಸಾಲು: ಎಲ್ಲ ಆಟಗಾರರೂ ಬೂಟು ಧರಿಸತಕ್ಕದ್ದು. ಹನ್ನೊಂದು ಜೋಡಿ ಬೂಟು! ಒಂದು ಜೋಡಿಗೇ ನಮ್ಮ ತಿಂಗಳ ಸಂಬಳದ ಬಹುಪಾಲು ಬೇಕಿತ್ತು. ಊರಿಗೆ ಮನಿಆರ್ಡರು ಕಳಿಸುವವರು ನಾವು. ತಂಡ ಅಲ್ಲಿಗೇ ಮುಗಿಯಿತು. ಗೆಳೆಯರು ಮತ್ತೆಂದೂ ಚೆಂಡು ಮುಟ್ಟಲಿಲ್ಲ.

ಮೊದಲನೆಯ ನಿಯಮದ ಬಗೆಗೆ ನನಗೆ ಅಂದೂ ದೂರಿರಲಿಲ್ಲ, ಇಂದೂ ಇಲ್ಲ. ನಮ್ಮ ಯುಕ್ತಿ ಅವರಿಗೆ ತಿಳಿಯಿತು, ಬಾಗಿಲು ಹಾಕಿದರು. ನಾವು ಇನ್ನೊಂದನ್ನು ಹುಡುಕುತ್ತಿದ್ದೆವು. ಎರಡನೆಯದು ಯುಕ್ತಿಯನ್ನು ತಡೆಯುವ ನಿಯಮವಾಗಿರಲಿಲ್ಲ, ನಮ್ಮನ್ನೇ ತಡೆಯುವ ನಿಯಮವಾಗಿತ್ತು. ಕಾಲಿಗೆ ಪೆಟ್ಟಾಗದಿರಲೆಂದು ಸದುದ್ದೇಶದಿಂದಲೇ ಮಾಡಿದ್ದಿರಬಹುದು. ಆದರೆ ಬರಿಗಾಲಿನ ಆಟ ಅಪಮಾನದ ಆಟವಾಗಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್, ಆ ತಂಡದ ಹೆಚ್ಚಿನವರದು ಬರಿಗಾಲು. ಇದೇ ಮುಂಬಯಿಯಲ್ಲಿ 1891ರಿಂದ ನಡೆಯುತ್ತಿದ್ದ ಕೂಪರೇಜಿನ ರೋವರ್ಸ್ ಕಪ್ಪನ್ನು ಬ್ರಿಟಿಷರ ಪಡೆಗಳಿಂದ ಮೊದಲು ಕಸಿದುಕೊಂಡ ಭಾರತೀಯ ತಂಡ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಕೂಪರೇಜಿನ ಎದುರು ನಿತ್ಯ ಹಾದುಹೋಗುವ ನಮ್ಮ ಮಕ್ಕಳಿಗೆ ಈ ಮಾತನ್ನು ಯಾರೂ ಹೇಳಿಲ್ಲ. ಕಾರ್ಯದರ್ಶಿಗಳೆ, ಕನ್ನಡ ಇಲ್ಲಿ ಬಂತು.

ಗೆಳೆಯರಿಗೆ ಈ ಹಳೆಯ ಮುಳ್ಳನ್ನು ನೆನಪಿಸಿದೆ. ನಾವು ಮಾಡಿದ್ದನ್ನೇ ಛೆಟ್ರಿಯೂ ಮಾಡಿದ್ದಲ್ಲವೆ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ನಾವು ಮಾಡಿದ್ದೂ ಮೋಸವೇ ಅಣ್ಣಾ. ಆದರೆ ನಮ್ಮಲ್ಲಿ ಬೇರೇನೂ ಇರಲಿಲ್ಲ. ಅವರಲ್ಲಿ ಎಲ್ಲವೂ ಇದೆ, ಅವರು ಕಾಯಬಹುದಿತ್ತು" ಎಂದರು. ನಿಯಮ ಹೊಟ್ಟೆಯನ್ನು ನೋಡಿ ಬದಲಾಗಬಾರದು ಎಂದು ನಾನು ಉತ್ತರಿಸಿದೆ. ತರ್ಕದಲ್ಲಿ ನನ್ನದೇ ಸರಿ ಎಂದು ಈಗಲೂ ಭಾವಿಸುತ್ತೇನೆ. ಬೂಟಿನ ನಿಯಮ ಹೊಟ್ಟೆಯನ್ನು ನೋಡದೆ ಮಾಡಿದ್ದೇ ಅಲ್ಲವೆ ಎಂದು ಅವರು ತಿರುಗಿ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಕೇಳಲಿಲ್ಲ, ದೊಡ್ಡ ಮನಸ್ಸು.

ನಾಲ್ಕು ದಿನಗಳ ಬಳಿಕ, ಮಾರ್ಚ್ 7ರಂದು, ಬೆಂಗಳೂರು ತಂಡ ಸೆಮಿಫೈನಲ್ ಆಡಲು ನಮ್ಮ ಅಂಧೇರಿಗೇ ಬಂತು. ಎದುರಾಳಿ ಮುಂಬೈ ಸಿಟಿ. ಐದು ದಶಕ ಅನ್ನ ಕೊಟ್ಟ ಊರಿನ ತಂಡ ಒಂದು ಕಡೆ, ಹುಟ್ಟಿದ ನಾಡಿನದು ಇನ್ನೊಂದು ಕಡೆ. ಎರಡರ ಬಣ್ಣವೂ ನೀಲಿ ಎಂಬುದು ನನ್ನ ಪಾಲಿನ ದೈವಕೃಪೆ. ನೀಲಿ ಅಂಗಿ ತೊಟ್ಟು ಮೊಮ್ಮಗನೊಂದಿಗೆ ಮುಂಬೈ ಅಭಿಮಾನಿಗಳ ನಡುವೆ ಕುಳಿತೆ; ನಾನು ಯಾರ ಪಕ್ಷವೆಂದು ಯಾರಿಗೂ ತಿಳಿಯಲಿಲ್ಲ. ಹೊರನಾಡಿಗರಾದ ನಮಗೆ ಈ ವ್ಯೂಹ ಅಭ್ಯಾಸವಾಗಿದೆ. ಅರವತ್ತರ ದಶಕದ ಕೊನೆಯಲ್ಲಿ, ದಕ್ಷಿಣದವರ ಹೋಟೆಲುಗಳ ಗಾಜು ಒಡೆಯುತ್ತಿದ್ದ ದಿನಗಳಲ್ಲಿ, ನಮ್ಮ ಹಿರಿಯರು ರೈಲಿನಲ್ಲಿ ಗಟ್ಟಿಯಾಗಿ ಕನ್ನಡ ಆಡದೆ ಕಲಿತದ್ದು ಇದನ್ನೇ. ಮೊಮ್ಮಗ ಮಾತ್ರ ಮುಂಬೈ, ಮುಂಬೈ ಎಂದು ಕೂಗುತ್ತಲೇ ಇದ್ದ. ಅವನ ನೀಲಿಯಲ್ಲಿ ಯುಕ್ತಿಯೇನೂ ಇರಲಿಲ್ಲ.

ಗೆಳೆಯರೂ ಬಂದಿದ್ದರು, ಬೆಂಗಳೂರು ಸೋಲುವುದನ್ನು ನೋಡಲೆಂದೇ. 78ನೆಯ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ಛೆಟ್ರಿ ತಲೆ ಕೊಟ್ಟರು. ರಕ್ಷಕರೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದರು, ಗೋಲಿ ಸಿದ್ಧನಾಗಿದ್ದ. ಬೆಂಗಳೂರು 1–0. ಮೊಮ್ಮಗನ ಮುಖ ಬಾಡಿತು. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಗೆಳೆಯರು ನನ್ನ ಕಡೆಗೆ ಬಾಗಿ, "ಇದು ಗೋಲು" ಎಂದರು.

ಕಂಠೀರವದ ಆ ಚೆಂಡಿನ ಬಗೆಗೆ ನಮ್ಮ ವಾದ ಇನ್ನೂ ಮುಗಿದಿಲ್ಲ.